ಹತ್ತೊಂಬತ್ತನೆಯ ಹನಿ

ಹಗಲೆಲ್ಲ ಸಿಮೆಂಟ್ ಕಾರ್ಖಾನೆಯ ಲ್ಯಾಬಿನಲ್ಲಿ
ಸುಣ್ಣಕಲ್ಲಿನ ಪುಡಿಗೆ ಹನಿ ಎಣಿಸುವವಳು ನಾನು.
ಸಂಜೆ ಮನೆಗೆ ಬಂದರೆ ಅಲ್ಲೂ ಅದೇ:
ಗೋಡೆಗಾನಿಸಿದ ಗಾಜಿನ ತೊಟ್ಟಿ, ಒಳಗೆ ಹನ್ನೆರಡು ನಿಯಾನ್ ಟೆಟ್ರಾ,
ಎದುರಿಗೆ ಮೊಣಕಾಲೂರಿ ಕೂತ ಲುಬೋರ್,
ಕೈಯಲ್ಲಿ ಬೆರಳುದ್ದದ ಕೊಳವೆ.

ಐದು ಮಿಲಿಲೀಟರ್ ನೀರು. ಒಂದು ಹನಿ ಬಿಟ್ಟರೆ ಕೆಂಪು.
ಎರಡು, ಮೂರು, ಅಲುಗಿಸು, ಇನ್ನೂ ಕೆಂಪು.
ಹನಿಗೊಂದು ಡಿಗ್ರಿ, ಜರ್ಮನ್ನರ ಲೆಕ್ಕ.
ಹನ್ನೆರಡು ದಾಟಿದ ಮೇಲೆ ಅವನು ಬಾಯಿಬಿಟ್ಟು ಎಣಿಸುವುದು ನಿಲ್ಲಿಸಿದ.
ಹತ್ತೊಂಬತ್ತಕ್ಕೆ ಹಸಿರು.
"ಗಡಸು," ಎಂದ, ಡಾಕ್ಟರರ ಹಾಗೆ, ನನ್ನ ಮುಖ ನೋಡದೆ.

ಬೆರೌನಿನ ನೀರು ತಿಳಿಯಲು ಕೊಳವೆ ಬೇಕೆ?
ಕೆಟಲಿನ ತಳ ನೋಡಿದರೆ ಸಾಲದೆ,
ಬಿಳಿ ಹಕ್ಕಳೆ ಕಟ್ಟಿ, ಉದುರದೆ, ಬಿಡದೆ?
ಮದುವೆಯಾಗಿ ಬಂದ ವರ್ಷ ಸೋಪು ತಿಕ್ಕಿದ್ದೇ ತಿಕ್ಕಿದ್ದು,
ನೊರೆ ಬಾರದೆ ಬಚ್ಚಲಲ್ಲಿ ಅತ್ತಿದ್ದೆ.
ನನ್ನೂರು ಕ್ವಿಲ್ಡಾ. ಅಲ್ಲಿ ನೀರು ಜೌಗಿನಿಂದ ಬರುತ್ತದೆ,
ಚಹದ ಬಣ್ಣ, ಬೆರಳ ಸಂದಿಯಲ್ಲಿ ಬೆಣ್ಣೆ.

ಮೀನು ಮೊಟ್ಟೆಯಿಟ್ಟವು. ಮೊಟ್ಟೆ ಬೆಳ್ಳಗಾದವು.
ಮತ್ತೆ ಇಟ್ಟವು. ಮತ್ತೆ ಬೆಳ್ಳಗೆ.
ಲುಬೋರ್ ನೀರು ಕುದಿಸಿದ: ಹನ್ನೊಂದಕ್ಕಿಳಿಯಿತು,
ನನ್ನ ಸೂಪಿನ ಪಾತ್ರೆ ಹೋಯಿತು.
ಮಾಡಿನ ಅಂಚಿಗೆ ಪೀಪಾಯಿ ಕೊಟ್ಟು ಮಳೆ ಹಿಡಿದ;
ಆಕಾಶದಿಂದ ನೇರ ಇಳಿದದ್ದು, ಇದಕ್ಕಿಂತ ಮೆದು ಯಾವುದು ಎಂದ.
ಏಳು ಹನಿ.
ಮತ್ತೆ ಎಣಿಸಿದ. ಏಳೇ.
ನಾನು ನಕ್ಕೆ, ನಗಬಾರದಿತ್ತು.
ಮಾಡಿನ ಮೇಲೆ ಕೂತಿದ್ದು ನಮ್ಮದೇ ಚಿಮಣಿಯ ಧೂಳು,
ತಿಂಗಳಾದರೆ ನನಗೆ ಸಂಬಳ ಕೊಡುವ ಧೂಳು.

ಆ ಶನಿವಾರ ಹೇಳದೆ ಹೋದ. ರಾತ್ರಿ ಬಂದ,
ಸ್ಕೋಡಾದ ಹಿಂಬದಿ ನೆಲಕ್ಕೆ ತಾಗುವಷ್ಟು ಕುಗ್ಗಿ:
ಎಂಟು ಕ್ಯಾನು, ನನ್ನ ಸೋದರಮಾವ ಆಲ್ಬೀನನ ಹಿತ್ತಿಲ ತೊರೆ.
"ಇಪ್ಪತ್ತಾರು ವರ್ಷದಲ್ಲಿ ನಿನ್ನ ತವರಿಗೆ
ನಾನಾಗೇ ಹೋದದ್ದು ಇದೇ ಮೊದಲು," ಎಂದ, "ಮೀನಿನ ಪುಣ್ಯ."
ಕೊಳವೆಗೆ ಒಂದು ಹನಿ ಬಿಟ್ಟೆ.
ಕೆಂಪಾಗಲೂ ಪುರುಸೊತ್ತಿಲ್ಲ, ಹಸಿರು.
ಅವನು ಅತ್ತ ತಿರುಗಿದಾಗ ಕ್ಯಾನಿನ ತಳದ ಗುಟುಕನ್ನು
ನಾನು ಕುಡಿದೆ.

ತೊಟ್ಟಿಗೆ ಕಪ್ಪು ಬಟ್ಟೆ ಹೊದಿಸಿ, ಮನೆಯಲ್ಲಿ ಪಿಸುಮಾತು ಆಡಿ
ಐದನೆಯ ರಾತ್ರಿ ಟಾರ್ಚ್ ಹಚ್ಚಿದೆವು:
ಗಾಜಿಗಂಟಿದ ಗೀರುಗಳು, ಹುಬ್ಬಿನ ಕೂದಲಿನಷ್ಟು,
ಆದರೆ ಕಣ್ಣಿದ್ದವು.

ಈಗ ಪಕ್ಕದ ಮನೆಯ ಬ್ಲಾಂಕಾಳ ಮೊಮ್ಮಗ ವೀತ್
ಉಪ್ಪಿನಕಾಯಿ ಬಾಟಲಿ ತೊಳೆದು ತಂದಿದ್ದಾನೆ, ಆರು ಮರಿ ಬೇಕಂತೆ.
"ಕೊಡಲಾರೆ ಮಗು," ಎಂದ ಲುಬೋರ್, "ನಿಮ್ಮ ನಲ್ಲಿ ನೀರು ಒಗ್ಗುವುದಿಲ್ಲ.
ಈ ಊರೇ ಹಾಗೆ, ಬಂದವರಿಗೆಲ್ಲ ನೀರು ಕುಡಿಸುತ್ತದೆ."
ಒಗ್ಗುತ್ತದೆ, ಎಂದೆ ನಾನು, ಒಂದೇ ಸಲ ಸುರಿಯದಿದ್ದರೆ.
ಅವನು ನನ್ನನ್ನು ನೋಡಿದ, ಆಮೇಲೆ ನಲ್ಲಿಯನ್ನು.
ಸಣ್ಣ ಪೈಪು ತಂದು ಮಧ್ಯೆ ಗಂಟು ಹಾಕಿದ,
ಸಾಲದೆಂದು ಇನ್ನೊಂದು.

ಹಳೇ ಬಕೆಟ್ಟಿನಲ್ಲಿ ಕ್ವಿಲ್ಡಾ, ಅದರೊಳಗೆ ತೊಟ್ಟಿಕ್ಕುವ ಬೆರೌನ್,
ದಿನಕ್ಕೆ ಎರಡು ಡಿಗ್ರಿ, ಹೆಚ್ಚಿಲ್ಲ.
ಇವತ್ತು ನಾಲ್ಕನೆಯ ದಿನ. ಒಂದು ಸತ್ತಿತು,
ಅದನ್ನು ತೆಗೆದು ಬೇರೊಂದು ಬಿಟ್ಟದ್ದು ವೀತನಿಗೆ ಗೊತ್ತಿಲ್ಲ.
ಅವನು ಮೇಜಿಗೆ ಗದ್ದ ಊರಿ ಕೊಳವೆಯನ್ನೇ ನೋಡುತ್ತಾನೆ:
ಇನ್ನೆಷ್ಟು ಹನಿ, ಆಂಟಿ?
ಸುಮ್ಮನಿರೋ, ಎಣಿಕೆ ತಪ್ಪುತ್ತದೆ.
ಆರು. ಏಳು. ಇನ್ನೂ ಕೆಂಪು.