ವಾದ್ಯ ಸಂಯೋಜನೆ: ಇ. ನಾಸಪ್ಪ

ಹಾಸನದ ಹೊಸಲೈನ್ ರಸ್ತೆಯಲ್ಲಿ
ಕೆಳಗೆ ನಮ್ಮ ಹಿಟ್ಟಿನ ಗಿರಣಿ,
ಮೇಲೆ ಇನ್ನಾಸಪ್ಪ ಮಾಸ್ತರ ಸ್ಟುಡಿಯೊ.
ಗೋಡೆಗೆ ಗೋಣಿತಾಟು, ಅದರ ಮೇಲೆ ಮೊಟ್ಟೆ ಟ್ರೇ,
ಕಿಟಕಿಗೆ ಹಳೇ ಹಾಸಿಗೆ.
ಆದರೂ ನಮ್ಮ ಕಲ್ಲಿನ ಗುಡುಗು
ಮೆಟ್ಟಿಲು ಹತ್ತಿ ಮೈಕಿಗೆ ಹೋಗಿ ಕೂರುತ್ತಿತ್ತು.

ನನ್ನ ಕೆಲಸ ಇಷ್ಟೇ:
ಮೇಲಿನಿಂದ ಹಗ್ಗ ಜಗ್ಗಿದರೆ
ಕೆಳಗೆ ಗೆಜ್ಜೆ ಅಲುಗುತ್ತದೆ,
ನಾನು ಅಪ್ಪನ ಮುಖ ನೋಡಬೇಕು,
ಅಪ್ಪ ಸರದಿಯಲ್ಲಿ ನಿಂತ ಹೆಂಗಸರ ಮುಖ.
"ನಾಕೇ ನಿಮ್ಷ ಕಣ್ರವ್ವಾ, ಮ್ಯಾಲೆ ಹಾಡು ಹಿಡೀತಾವ್ರೆ."
ಒಂದು ಟೇಕಿಗೆ ಒಂದು ರೂಪಾಯಿ,
ಕೆಟ್ಟ ಟೇಕಿಗೂ.

ಮಾಸ್ತರು ಹುಟ್ಟಿದ ಊರು
ಗೊರೂರು ಅಣೆಕಟ್ಟೆಯ ನೀರಿನ ಕೆಳಗಿದೆ.
ಚರ್ಚಿನ ಹಾರ್ಮೋನಿಯಂ ಎತ್ತಿನಗಾಡಿ ಹತ್ತಿ ಬಂತಂತೆ,
ಅದರ ಹಿಂದೆ ನಡೆದುಕೊಂಡು ಇವರು.
ಆಮೇಲೆ ಮದುವೆ ಬ್ಯಾಂಡಿನಲ್ಲಿ ಕ್ಲಾರಿಯೊನೆಟ್,
ಆಮೇಲೆ ಮದರಾಸು, ಪಿಟೀಲಿನ ಮೂರನೇ ಸಾಲು.
ಹನ್ನೊಂದು ವರ್ಷ
ಬೇರೆಯವರ ರಾಗಕ್ಕೆ ಕೈಕಾಲು ಜೋಡಿಸಿ,
ರಾತ್ರಿಯೆಲ್ಲ ಸ್ವರ ನಕಲು ಮಾಡಿ ಹಂಚಿ,
ಟಾಕೀಸಿನ ಕತ್ತಲಲ್ಲಿ ತಮ್ಮ ಹೆಸರಿಗೆ ಕಾದು,
ಒಂದು ದಿನ ಎದ್ದು ಬಂದರು.
ತಂದದ್ದು ಎಂಟು ಟ್ರ್ಯಾಕಿನ ಒಂದು ಮುದಿ ಯಂತ್ರ,
ಸಕ್ಕರೆ ಕಾಯಿಲೆ,
ಯಾವ ವಾದ್ಯ ಎಲ್ಲಿ ಬಾಯಿ ಮುಚ್ಚಬೇಕೆಂಬ ತಿಳಿವು.

"ಹಾಡು ಅಂದ್ರೆ ಬಸ್ಸು ಕಣೊ,
ಎಲ್ರೂ ಕಿಟಕಿ ಸೀಟೇ ಕೇಳ್ತಾರೆ.
ಯಾರನ್ನ ಕೂರಿಸ್ಬೇಕು, ಯಾರನ್ನ ನಿಲ್ಲಿಸ್ಬೇಕು,
ಯಾರನ್ನ ಅರ್ಧ ದಾರೀಲಿ ಇಳಿಸ್ಬೇಕು...
ಡ್ರೈವರ್ರು ಹಾಡೋನು. ನಾನು ಕಂಡಕ್ಟರು."

ಜೋಡಿನವಿಲು ಕ್ಯಾಸೆಟ್ಟಿನ ಐದು ಮಕಾಡೆ ಮಲಗಿದವು.
ಆರನೆಯದಕ್ಕೆ ಆಲೂರು ಕಡೆಯಿಂದ ಚಿಕ್ಕಹೊನ್ನಮ್ಮ,
ಬೀಸುವ ಪದದವಳು.
ಗೆಜ್ಜೆ ಅಲುಗಿತು, ಗಿರಣಿ ನಿಂತಿತು,
ತಬಲಾದವನು ಅಂಗೈ ಒರೆಸಿಕೊಂಡ.
ಹೊನ್ನಮ್ಮನ ಗಂಟಲಿಂದ ಒಂದು ಸೊಲ್ಲೂ ಇಲ್ಲ.
"ಕಲ್ಲು ನಿಂತ್ಮೇಲೆ ಪದ ಎಲ್ಲಿಂದ ಬತ್ತದೆ ಸ್ವಾಮಿ?"

ಮೇಲೆ ತುಂಬ ಹೊತ್ತು ಸದ್ದಿಲ್ಲ.
ಆಮೇಲೆ ಹಗ್ಗವಲ್ಲ, ಮಾಸ್ತರೇ ಇಳಿದು ಬಂದರು,
ಬರಿಗಾಲಲ್ಲಿ.
"ದ್ಯಾವಣ್ಣ, ತಿರುಗಿಸು. ನಿಲ್ಲಿಸಬೇಡ."
ಗೋಡೆಗೆ ಕಿವಿಯಿಟ್ಟು ಕಲ್ಲಿನ ಸ್ವರ ಹಿಡಿದರು,
ಮೇಲೆ ಹೋಗಿ ಎಲ್ಲರ ತಂತಿಯನ್ನೂ
ನಮ್ಮ ಗಿರಣಿಯ ಶ್ರುತಿಗೆ ಬಿಗಿಸಿದರು.
ಪಿಟೀಲಿನವನು ಗೊಣಗಿದ್ದು ಕೆಳಗೂ ಕೇಳಿತು.
ಆವತ್ತು ನಮಗೆ ರೂಪಾಯಿ ಬರಲಿಲ್ಲ,
ರಾಗಿಯೂ ನಿಲ್ಲಲಿಲ್ಲ.

ಅದು ಓಡಿತು.
ಬೇಲೂರು, ಅರಕಲಗೂಡು, ಯಾವ ಬಸ್ಸು ಹತ್ತಿದರೂ
ಟೇಪು ಸವೆದು ಹೆಂಗಸಿನ ದನಿ ಗಂಡಸಿನದಾಗುವ ತನಕ.
ಕವರಿನ ಮೇಲೆ ಬಿಂದಿಗೆ ಹೊತ್ತ ಯಾರೋ ಚೆಲುವೆ;
ಕೆಳಗೆ, ಇರುವೆಯಷ್ಟು ಅಕ್ಷರದಲ್ಲಿ,
'ವಾದ್ಯ ಸಂಯೋಜನೆ: ಇ. ನಾಸಪ್ಪ.'
ಶಿವಕಾಶಿಯ ಪ್ರೆಸ್ಸಿನವರು ಒಡೆದ ಹೆಸರು.
ಮಾಸ್ತರು ಬಿದ್ದು ಬಿದ್ದು ನಕ್ಕರು:
"ಹೋಗ್ಲಿ ಬಿಡು, ಒಂದು ಇನಿಷಿಯಲ್ ಆದ್ರೂ ಸಿಕ್ತಲ್ಲ."

ಹೊನ್ನಮ್ಮನಿಗೆ ಕೊಟ್ಟದ್ದು
ಒಂದು ಸೀರೆ, ಇನ್ನೂರು ರೂಪಾಯಿ.
ಆ ಮಾತು ಎತ್ತಿದರೆ ಈಗಲೂ
ಅವರು ಕನ್ನಡಕ ತೆಗೆದು ಒರೆಸುತ್ತಾರೆ,
ಒರೆಸುತ್ತಲೇ ಇರುತ್ತಾರೆ.

ಸಿ.ಡಿ. ಬಂತು, ಯಂತ್ರ ಗುಜರಿಗೆ ಹೋಯಿತು.
ಈಗ ಮೇಲ್ಗಡೆ ಟ್ಯೂಷನ್;
ಮೂಲೆಯಲ್ಲಿ ನಾಕಾರು ಮೊಟ್ಟೆ ಟ್ರೇ ಹಾಗೇ ಉಳಿದಿವೆ,
ಹುಡುಗರು ಅದರ ಕುಳಿಗೆ ಪೆನ್ನಿನ ಮುಚ್ಚಳ ತುರುಕುತ್ತಾರೆ.
ಅಪ್ಪನ ಜಾಗದಲ್ಲಿ ನಾನು.

ಹೋದ ಶನಿವಾರ ಮಾಸ್ತರು ಬಂದಿದ್ದರು,
ಎರಡು ಸೇರು ರಾಗಿ.
ಚೀಲ ಸರದಿಯಲ್ಲಿಟ್ಟು ಕಣ್ಣು ಮುಚ್ಚಿ ನಿಂತವರು
"ದ್ಯಾವಣ್ಣನ ಮಗನೇ,
ನಿನ್ನ ಬೆಲ್ಟು ಅರ್ಧ ಸ್ವರ ಇಳಿದಿದೆ" ಅಂದರು.
ನಾನು ನಕ್ಕೆ. ಸರದಿಯವರೂ ನಕ್ಕರು.
ಅವರು ನಗಲಿಲ್ಲ, ಹಿಟ್ಟು ತಗೊಂಡು ಹೋದರು.

ರಾತ್ರಿ ಬಾಗಿಲೆಳೆದು ಸ್ಪ್ಯಾನರ್ ಹಿಡಿದು ಬಗ್ಗಿದೆ.
ಸಡಿಲಾಗಿತ್ತು, ಎರಡು ಬೆರಳಷ್ಟು.
ಬಿಗಿದು, ಒಂದು ಮೊರ ರಾಗಿ ಸುರಿದು ತಿರುಗಿಸಿದೆ.
ನನ್ನ ಕಿವಿಗೆ ಏನೂ ವ್ಯತ್ಯಾಸ ತಿಳಿಯಲಿಲ್ಲ.
ಹಿಟ್ಟು ಮಾತ್ರ ನುಣ್ಣಗೆ ಬಿತ್ತು.