ಕೊನೆಯ ಎಲೆಯಿಂದ

ಮಂಗಳವಾರ ರಾತ್ರಿ ಹತ್ತೂವರೆಗೆ ಶಟರು ಅರ್ಧ ಇಳಿಸಿ
ಬೋರಾ ಬಜಾರಿನ ನಮ್ಮ ಹೋಟೆಲಿನಲ್ಲಿ
ಎರಡು ಟೇಬಲ್ ಜೋಡಿಸಿದೆವು.
ಸಾಂಬಾರಿನ ಕಲೆಯ ಮೇಲೆಯೇ ಹಾಸಿದ
ಜರೀರ್ ಮೇಸ್ತ್ರಿ ತನ್ನ ಉದ್ದನೆಯ ಪಟ್ಟಿ:
ಫಿಜಿ, ಟೋಂಗಾ, ವೇಲ್ಸ್, ಅರ್ಜೆಂಟೀನಾ.
ನಾನು ನೋಡದ ಊರುಗಳ,
ನಾನು ನೋಡದ ತೊಡೆಗಳ ಹೆಸರು.

"ಸುಲಭ, ವಾದಿರಾಜ್. ಒಬ್ಬ ಆಟಗಾರ ಒಬ್ಬರಿಗೇ.
ನಾನು ಕರೆದೆನೋ, ನಿನಗಿಲ್ಲ.
ಅವನು ಅಲ್ಲಿ ಓಡಿದರೆ ಇಲ್ಲಿ ನನಗೆ ಅಂಕ,
ಅಲ್ಲಿ ಮುಗ್ಗರಿಸಿದರೆ
ಇಲ್ಲಿ ನನ್ನ ಗಲ್ಲಾ ಖಾಲಿ."
ಗಲ್ಲಾ ಅಂದದ್ದು ನನಗಾಗಿ. ಹದಿನೇಳು ವರ್ಷದಿಂದ
ಅದರ ಹಿಂದೆ ಕೂತವನು; ಆ ಭಾಷೆ ತಿಳಿಯುತ್ತದೆ.

ರಗ್ಬಿ ತಿಳಿಯದು. ಕೂಪರೇಜ್ ಮೈದಾನದ ಬೇಲಿಯಾಚೆ
ಯಾವುದೋ ಭಾನುವಾರ ಕಂಡದ್ದಷ್ಟೆ:
ಎಂಟೆಂಟು ಮಂದಿ ತಲೆ ತಗ್ಗಿಸಿ
ಒಬ್ಬರೊಳಗೊಬ್ಬರು ತೂರಿ
ಕೆಟ್ಟು ನಿಂತ ಲಾರಿ ನೂಕುವವರ ಹಾಗೆ ನೂಕುವುದು,
ಆ ಕಾಲುಗಳ ಕಾಡಿನಿಂದ ಚೆಂಡನ್ನು
ಹರ್ಷಲಾ ತಾಂಡೇಲ್ ಹೆಕ್ಕಿ ಎಸೆಯುವುದು,
ಬಲೆಯಿಂದ ಬಂಗುಡೆ ಬಿಡಿಸುವ ವೇಗದಲ್ಲಿ.
ಅವಳೂ ಬಂದಿದ್ದಾಳೆ. ಎಡಗೈ ಪ್ಲಾಸ್ಟರಿನಲ್ಲಿ,
ಬಲಗೈಯಲ್ಲಿ ಕಟಿಂಗ್ ಚಹಾ.

ಸ್ಟೀಲು ಲೋಟದಲ್ಲಿ ಆರು ಚೀಟಿ ಕುಲುಕಿದರು.
ನನಗೆ ಬಂದದ್ದು ಆರು.
ನಗು ಬಂತು. ಹೆಜಮಾಡಿ ಶಾಲೆಯ ಅಂಗಳದಲ್ಲಿ
ಕಬಡ್ಡಿಗೆ ತಂಡ ಕಟ್ಟುವಾಗ
ಇಬ್ಬರು ನಾಯಕರು ಬೆರಳು ತೋರುತ್ತ ತೋರುತ್ತ
ಕೊನೆಗೆ ನಾನು ಮತ್ತು ಧ್ವಜದ ಕಂಬ ಉಳಿಯುತ್ತಿದ್ದೆವು.
"ಸರಿ, ಇವನನ್ನೂ ಇಟ್ಟುಕೊ" ಎನ್ನುತ್ತಿದ್ದರು,
ಚಿಲ್ಲರೆ ಇಲ್ಲದಾಗ ಕೊಡುವ ಚಾಕಲೇಟಿನ ಹಾಗೆ.

"ಆರು ಕೆಟ್ಟದ್ದಲ್ಲ," ಅಂದಳು ಹರ್ಷಲಾ.
"ಇದು ಹಾವಿನ ಸರದಿ. ಒಂದರಿಂದ ಆರಕ್ಕೆ ಹೋಗಿ
ಆರರಿಂದಲೇ ಹೊರಳಿ ಒಂದಕ್ಕೆ ಬರುತ್ತದೆ."
ಆಗ ಹೊಳೆಯಿತು: ಪಂಕ್ತಿ!
ಬಡಿಸುತ್ತ ಬಂದವನು ಸಾಲಿನ ತುದಿ ಮುಟ್ಟಿ
ಹಿಂದಿರುಗುವಾಗ ಮೊದಲು ಬಗ್ಗುವುದು
ಕೊನೆಯ ಎಲೆಗೇ.
ಪಾಯಸಕ್ಕೆ ಕಾಯಬೇಕು, ನಿಜ.
ಬಂದಾಗ ಎರಡು ಸೌಟು ಒಟ್ಟಿಗೆ.

ತಲೆಗೆ ಹದಿನೆಂಟು, ಆರು ಜನಕ್ಕೆ ನೂರೆಂಟು.
ಅಷ್ಟೋತ್ತರದ ಹಾಗೆ ಹೆಸರು ಕೂಗುತ್ತ ಹೋದೆವು,
ಹೂವಿನ ಬದಲು ಪೆನ್ನಿನ ಗೀಟು.
ಮೇಸ್ತ್ರಿ ಓಟಗಾರರನ್ನೆಲ್ಲ ಗುಡಿಸಿಕೊಂಡ.
ಚಹಾದ ವಿಠ್ಠಲ ಕೋಟ್ಯಾನ್ ಹಿಡಿದದ್ದು
ನಾಲಗೆ ಹೊರಳುವ ಹೆಸರುಗಳನ್ನಷ್ಟೆ.
ಲೆಸ್ಲಿ ಮಚಾದೊ ಹತ್ತು ನಿಮಿಷ ನಮ್ಮನ್ನು ಕಾಯಿಸಿ
ಮಂಡಿ ಮುರಿದುಕೊಂಡ ಕಿಕ್ಕರನೊಬ್ಬನನ್ನು ಆರಿಸಿದ.
ನಾನು ಓಡುವವರ ಬಿಟ್ಟು ತಡೆಯುವವರ ಹಿಡಿದೆ.
ಟ್ರೈ ಎಂದರೆ ಹಬ್ಬ, ಟ್ಯಾಕಲ್ ಎಂದರೆ ದಿನದ ಇಡ್ಲಿ;
ಹಬ್ಬ ನಂಬಿ ಹೋಟೆಲು ನಡೆಯುವುದಿಲ್ಲ.

ನೂರಾ ಮೂರನೆಯ ಸರದಿ. ನನ್ನ ಕಡೆಯದು.
ಪಟ್ಟಿಯ ತಳದಲ್ಲೊಬ್ಬ ಪ್ರಾಪ್, ಹದಿನೇಳನೆಯ ಅಂಗಿ,
ಬೆಂಚು ಬಿಸಿ ಮಾಡುವವನು.
ಉಳಿದವರಿಗೆಲ್ಲ ಚಿತ್ರವಿತ್ತು, ಇವನಿಗೆ
ಮುಖದ ಜಾಗದಲ್ಲಿ ಬೂದು ನೆರಳು.
ಹೆಸರು ಕೂಗಿದೆ.
ಗಟ್ಟಿಯಾಗಿ,
ಅಂಗಳದ ಆ ತುದಿಗೂ ಕೇಳುವ ಹಾಗೆ.
ಮಚಾದೊ ತಲೆಯೆತ್ತಿ, "ಯಾರವನು?" ಅಂದ.

ಶುಕ್ರವಾರ ರಾತ್ರಿ ಒಂದೂ ನಲವತ್ತು.
ಡೊಂಬಿವಲಿಯ ಖೋಲಿ, ಮಲಗಿದ ಹೆಂಡತಿ,
ಚಾದರದೊಳಗೆ ಫೋನಿನ ಬೆಳಕು.
ಅರವತ್ತೆರಡನೇ ನಿಮಿಷಕ್ಕೆ ಇಳಿದ.
ಇದೆ, ಮುಖ ಇದೆ! ಮೂಗು ಸೊಟ್ಟ, ಕಿವಿಗೆ ಟೇಪು.
ಎರಡು ಟ್ಯಾಕಲ್. ಆಮೇಲೆ ಯಾರದೋ ಮೇಲೆ
ಬೀಳಬಾರದ ಕಡೆಯಿಂದ ಬಿದ್ದು ದಂಡ.
ಎರಡು ಕೂಡು, ಒಂದು ಕಳೆ.

ಮರುದಿನ ಹರ್ಷಲಾ ಬಿಲ್ಲು ಚಾಚುತ್ತ ಕೇಳಿದಳು,
"ಎಷ್ಟು ಕೊಟ್ಟ ನಿನ್ನವನು?"
"ಒಂದು."
"ಇಳಿದನಲ್ಲ," ಅಂದಳು, ಪ್ಲಾಸ್ಟರು ಕೆರೆದುಕೊಳ್ಳುತ್ತ.

ಅವಳಿಗೆ ವಾಪಸು ಕೊಡಲು ಒಂದು ರೂಪಾಯಿ ಚಿಲ್ಲರೆ ಇರಲಿಲ್ಲ.
ಚಾಕಲೇಟಿನ ಡಬ್ಬಿ ಕೈಗೆ ಸಿಗುವಲ್ಲೇ ಇತ್ತು.
ಗಲ್ಲಾದ ಮೂಲೆ ಮೂಲೆ ತಡಕಿ
ನಾಣ್ಯವನ್ನೇ ಹುಡುಕಿ ಕೊಟ್ಟೆ.