ಎರಡನೇ ಪಂಚ

ಭರಮಸಾಗರ ದಾಟಿದ ಮೇಲೆ
ಸರ್ವಿಸ್ ರಸ್ತೆ ಹೈವೇಗೆ ಕೂಡುವಲ್ಲಿ ನನ್ನ ಅಂಗಡಿ.
ಮೂರು ತಗಡು, ಒಂದು ಕಂಪ್ರೆಸರ್, ನೇತುಹಾಕಿದ ಟೈರಿನ ಮೇಲೆ
ನಾನೇ ಸುಣ್ಣದಲ್ಲಿ ಬರೆದ ಫೋನ್ ನಂಬರು.
ಗಾಡಿ ಗುದ್ದಿದಾಗೆಲ್ಲ ಪೊಲೀಸರಿಗೆ ಪಂಚರು ಬೇಕು.
ಪಂಚರ್ ಪಾಲಯ್ಯನೇ ಪಂಚ ಪಾಲಯ್ಯ
ಅಂತ ದಫೇದಾರರು ಪ್ರತಿ ಸಲ ನಗುತ್ತಾರೆ,
ನಾನೂ ಪ್ರತಿ ಸಲ.

ಆವತ್ತು ನಸುಕು ನಾಲ್ಕೂವರೆ.
ದುರ್ಗಕ್ಕೆ ಮುಖ ಮಾಡಿದ ಮೆಕ್ಕೆಜೋಳದ ಲಾರಿ,
ಹಿಂದಿನ ಎಡಗಾಲು ಕುಂಟು, ಅರ್ಧ ಮೈ ಟಾರಿನ ಮೇಲೆ.
ಲಾರಿಯ ಬೆನ್ನಿಗೆ ದಾವಣಗೆರೆ ಮಂಡಕ್ಕಿ ಹೇರಿದ ಲಗೇಜ್ ಆಟೊ,
ಆಟೊದ ಬೆನ್ನಿಗೆ ಮದುವೆ ಮುಗಿಸಿ ಹೊರಟ ಬಿಳಿ ಕಾರು,
ಕಾರಿನ ಬೆನ್ನಿಗೆ ಸ್ಲೀಪರ್ ಬಸ್ಸು.
ರಸ್ತೆ ತುಂಬ ಮಂಡಕ್ಕಿ.
ಟೇಪು ಹಿಡಿದು ಕಾಲಿಟ್ಟಲ್ಲೆಲ್ಲ ಚರಚರ.
‘ಬ್ರೇಕಿನ ಗೆರೆ ಎಲ್ಲಯ್ಯಾ?’ ಅಂದರು ಸಾಹೇಬರು.
ಪೊರಕೆ ತಂದು ಗುಡಿಸಿದೆ.
ಬಸ್ಸಿನದು ಅರವತ್ತು ಅಡಿ, ಆಟೊದ್ದು ಹನ್ನೊಂದು,
ಕಾರಿನದು ಇಲ್ಲವೇ ಇಲ್ಲ.
ಗುಡಿಸಿದ ರಾಶಿಯಲ್ಲಿ ಸನಾವುಲ್ಲಾನ ಒಂದು ಚಪ್ಪಲಿ ಸಿಕ್ಕಿತು.

‘ಅತಿವೇಗ ಮತ್ತು ಅಜಾಗರೂಕತೆಯಿಂದ’:
ಹೆಸರಿಗೆ ಜಾಗ ಬಿಟ್ಟು ಆ ಸಾಲನ್ನು ಮೊದಲೇ ಬರೆದಿದ್ದರು.
ಕೆಳಗೆ, ಎರಡನೇ ಪಂಚ, ನಾನು.

ಎರಡು ವರ್ಷ ಎಂಟು ತಿಂಗಳಿಗೆ ದುರ್ಗದ ಕೋರ್ಟಿನಿಂದ ಸಮನ್ಸು.
ನಾಲ್ಕು ಗಾಡಿಗೆ ನಾಲ್ಕು ಕಂಪನಿ, ನಾಲ್ಕು ಕರಿಕೋಟು.
ನಿಂತ ಗಾಡಿ ಯಾರಿಗೆ ಗುದ್ದೀತು ಸ್ವಾಮಿ, ಅಂತ ಲಾರಿಯವರು.
ಆಟೊ ಮೊದಲೇ ಲಾರಿಗೆ ಹೊಡೆದಿತ್ತು,
ನಾವು ಮುಟ್ಟಿದ್ದು ಆಮೇಲೆ, ಅಂತ ಕಾರಿನವರು.
ನಾವು ಬರೋ ಹೊತ್ತಿಗೆ ಆಗೋದೆಲ್ಲ ಆಗಿತ್ತು, ಅಂತ ಬಸ್ಸು.
ನಾಲ್ಕನೆಯವರು ಬಾಯಿ ಬಿಡಲಿಲ್ಲ,
ಆಟೊದ ಪಾಲಿಸಿ ಹಿಂದಿನ ಮಂಗಳವಾರವೇ ತೀರಿತ್ತು
ಅನ್ನೋ ಕಾಗದ ಮುಂದಿಟ್ಟು ಕೂತರು.

ಸಹಿ ನಿನ್ನದೇನಪ್ಪಾ?
ನನ್ನದು.
ನೀ ನೋಡಿದಾಗ ಗಾಡಿಗಳು ಹೀಗೇ ಇದ್ದವಾ?
ಇದ್ದವು.
ಆಯ್ತು, ಇಳಿ.

ಹೊರಗೆ ಕ್ಯಾಂಟೀನಿನ ಹತ್ತಿರ ಮೆಹಬೂಬ್‌ಬೀ ತಡೆದಳು.
ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಮೂರು ವರ್ಷದ ಜೆರಾಕ್ಸು.
‘ಅಣ್ಣಾ, ನಿಮ್ಮ ಮನೆ ಅಲ್ಲೇ ಅಂತಲ್ಲ.
ಸದ್ದು ಎಷ್ಟು ಕೇಳ್ತು? ಎರಡಾ, ಮೂರಾ?
ಮೂರಾದ್ರೆ ನಮ್ಮೋರ ತಪ್ಪಂತೆ,
ಎರಡಾದ್ರೆ ಕಾರೇ ತಳ್ಳಿದ್ದಂತೆ.’

ನಿದ್ದೆಯಲ್ಲಿದ್ದೆ ತಾಯೀ, ಅಂದೆ.

ಎರಡು.
ಮೊಪೆಡ್ಡಿನ ಹಿಂದೆ ಜಾಕಿ ಕಟ್ಟುತ್ತ ಇದ್ದೆ,
ಹಗ್ಗದ ಗಂಟು ಇನ್ನೂ ಬಿಗಿದಿರಲಿಲ್ಲ.
ಒಂದು, ಉಸಿರು ಎಳೆಯುವಷ್ಟು ಬಿಡುವು, ಇನ್ನೊಂದು.
ಹಾಗಂತ ಸಾಕ್ಷಿ ನುಡಿದರೆ ಅಷ್ಟು ಹೊತ್ತಿನಲ್ಲಿ
ಜಾಕಿ ಯಾಕೆ ಕಟ್ಟುತ್ತಿದ್ದೆ ಅಂತ ಕೇಳುತ್ತಾರೆ.
ಲಾರಿಯ ಓಬಯ್ಯ ಫೋನು ಮಾಡಿದ್ದು ಮೂರು ಐವತ್ತಕ್ಕೆ.
ಇಂಡಿಕೇಟರ್ ಸತ್ತೈತೆ ಅಣ್ಣಾ, ಕಲ್ಲಿಟ್ಟೀನಿ, ಬೇಗ ಬಾ.
ಹತ್ತು ನಿಮಿಷ, ಬಂದೆ, ಅಂದಿದ್ದೆ ನಾನು.
ಅಂದು, ಕಂಬಳಿಯನ್ನು ಇನ್ನೊಂದು ಮಗ್ಗುಲಿಗೆ ಎಳೆದುಕೊಂಡಿದ್ದೆ.

ತೀರ್ಪು ಬಂತು ಅಂತ ದಫೇದಾರರೇ ಓದಿ ಹೇಳಿದರು:
ಕಾರಿಗೆ ಐವತ್ತೈದು, ಲಾರಿಗೆ ಇಪ್ಪತ್ತೈದು, ಬಸ್ಸಿಗೆ ಹತ್ತು.
ಉಳಿದ ಶೇಕಡಾ ಹತ್ತು
ಸಾಕಷ್ಟು ಅಂತರ ಕಾಯ್ದುಕೊಳ್ಳದ ಮೃತನದೇ.
ಅಷ್ಟನ್ನು ಅವಳ ಹಣದಲ್ಲಿ ಮುರಿದುಕೊಂಡು ಕೊಟ್ಟರಂತೆ.
ನಾನು ನೀರಿನ ತೊಟ್ಟಿಯಲ್ಲಿ ಟ್ಯೂಬು ಅದ್ದಿ
ಗುಳ್ಳೆ ಎಲ್ಲೇಳುತ್ತದೋ ಹುಡುಕುತ್ತಿದ್ದೆ.
ಸುತ್ತ ತಿರುಗಿಸಿದೆ, ಮತ್ತೆ ತಿರುಗಿಸಿದೆ.

ಈಗ ರಾತ್ರಿ ಫೋನು ಬಂದರೆ ನಲವತ್ತು ನಿಮಿಷ ಅನ್ನುತ್ತೇನೆ.
ಅಷ್ಟೊತ್ತಾ? ಬೇರೆ ಯಾರನ್ನಾದ್ರೂ ನೋಡ್ಕೋತೀವಿ ಬಿಡು,
ಅಂತ ಇಡುತ್ತಾರೆ.
ಅವರು ಇಟ್ಟ ಮೇಲೂ
ಷರ್ಟು ತೊಟ್ಟು ಟಾರ್ಚು ಹಿಡಿದು
ರಸ್ತೆಯ ತನಕ ಹೋಗಿ ನಿಲ್ಲುತ್ತೇನೆ.
ಯಾವ ಗಾಡಿಯೂ ಕಾಣುವುದಿಲ್ಲ.